ಸರೋಜತ್ತೆ ಹಿಡಿದಿಟ್ಟ ಸೀಟುಗಳು

ಮೊನ್ನೆ ಶಿರಸಿಯಲ್ಲಿ ಸಿದ್ದಾಪುರದ ಬಸ್ಸು ಹತ್ತಿದಾಗ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಂತು. ಒಳಗೆ ಒಂದೇ ಸೀಟು ಖಾಲಿಯಿತ್ತು. ಅದರ ಮೇಲೆ ಯಾರೋ ಕಿಟಕಿಯಿಂದ ಹಾಕಿ ಹೋದ ನೀಲಿ ಬಟ್ಟೆಯ ತುಂಡು, ಇನ್ನೂ ನೀರು ಕಾಣದ್ದು. ನಮ್ಮ ಕಡೆ ಸೀಟು ಹಿಡಿಯುವುದೇ ಹೀಗೆ. ಕರ್ಚೀಫೋ ಟವೆಲ್ಲೋ ಬಿದ್ದ ಜಾಗದ ಬಗ್ಗೆ ಮತ್ತೆ ತಕರಾರಿಲ್ಲ. ಆ ತುಂಡು ನೋಡಿದ್ದೇ ಸರೋಜತ್ತೆ ನೆನಪಾದಳು.

ಸರೋಜತ್ತೆ ನನ್ನ ಅಪ್ಪನ ತಂಗಿ. ಶಾಲೆಗೆಂದು ನಂದೊಳ್ಳಿಯಿಂದ ಬಂದಿದ್ದ ನಾನು, ಅತ್ತೆ, ಅಜ್ಜಿ, ಹೀಗೆ ಮೂವರೇ ಶಿರಸಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆ ಮದುವೆಯಾಗಲಿಲ್ಲ, ರವಿಕೆ ಹೊಲಿಯುತ್ತಿದ್ದಳು. ಮಿಷನ್ನಿನ ಪಕ್ಕದ ಟೇಪ್‌ರೆಕಾರ್ಡರಿನಲ್ಲಿ ಸದಾ ಒಂದೇ ಸಿನಿಮಾದ ಹಾಡು. ಅವಳು ಕಾಲೇಜಿನಲ್ಲಿದ್ದಾಗ ಬಂದಿದ್ದ, ಕಾಲೇಜು ಹುಡುಗ ಹುಡುಗಿಯ ಪ್ರೀತಿಯ ಕತೆ ಅದು. ಆ ಕಾಲದಲ್ಲಿ ಹುಡುಗರೆಲ್ಲ ನಾಯಕನಂತೆ ಕ್ರಾಪು ಬಿಟ್ಟರಂತೆ, ಹುಡುಗಿಯರೆಲ್ಲ ನಾಯಕಿಯಂತೆ ಉಬ್ಬು ತೋಳಿನ ರವಿಕೆ ತೊಟ್ಟರಂತೆ. ಫ್ಯಾಷನ್ನು ಹೋಗಿ ಎಷ್ಟೋ ಕಾಲವಾದರೂ ಅತ್ತೆ ಮಾತ್ರ ತನ್ನ ರವಿಕೆಗೆ ಉಬ್ಬು ತೋಳನ್ನೇ ಇಡುತ್ತಿದ್ದಳು. ಜನ ನಕ್ಕರೆ ನಗಲಿ ಎನ್ನುವ ಜಾತಿ ಅವಳದು.

ಆ ಸಿನಿಮಾವನ್ನು ಅವಳು ಮೊದಲು ನೋಡಿದ್ದು ಇಬ್ಬರು ಗೆಳತಿಯರ ಜೊತೆ. ವಿಜಯಕ್ಕ ಮುಂದೆ ಸಿದ್ದಾಪುರಕ್ಕೆ ಮದುವೆಯಾಗಿ ಹೋದಳು, ಶೈಲಕ್ಕ ಯಲ್ಲಾಪುರಕ್ಕೆ. ಆದರೂ ಊರಿನ ಟಾಕೀಸಿಗೆ ಆ ಸಿನಿಮಾ ಮರಳಿ ಬಂದಾಗಲೆಲ್ಲ ಮೂವರೂ ಸೇರಲೇಬೇಕು. ಪೋಸ್ಟರು ಕಂಡ ಕೂಡಲೇ ಅತ್ತೆ ಬಸ್ ಕಂಡಕ್ಟರ ಹತ್ತಿರ ಸುದ್ದಿ ಕಳಿಸುವಳು. ಮ್ಯಾಟಿನಿ ದಿನ ನನ್ನನ್ನು ಕರೆದುಕೊಂಡು ಬೇಗ ಹೋಗಿ, ಸರಿಯಾಗಿ ತಿರುಗುತ್ತಿದ್ದ ಒಂದೇ ಫ್ಯಾನಿನ ಕೆಳಗೆ ರವಿಕೆಯ ತುಂಡುಗಳನ್ನು ಹಾಸಿ ಸೀಟು ಹಿಡಿಯುವಳು. ಯಾರಾದರೂ ಕೇಳಿದರೆ, "ಜನ ಇದ್ದಾರೆ, ಬರ್ತಾರೆ" ಎಂದು ಒಂದೇ ಮಾತು. ಅವರು ಏದುಸಿರು ಬಿಡುತ್ತ ಬಂದು ಕೂತರೆ ಅತ್ತೆಯ ಮುಖ ನೋಡಬೇಕಿತ್ತು! ಕೊನೆಯಲ್ಲಿ ನಾಯಕ ಸೇತುವೆಯ ಮೇಲೆ ನಿಂತು "ಬರ್ತೀಯಾ?" ಎಂದು ಕೇಳುತ್ತಾನೆ. ನಾಯಕಿ ಬಾಯಿ ತೆರೆಯುವ ಮೊದಲೇ ಇಡೀ ಟಾಕೀಸು "ಬಂದೆ" ಎನ್ನುತ್ತಿತ್ತು. ನಮ್ಮ ಸಾಲಿನ ಮೂವರದೇ ದನಿ ಜೋರು.

ಬರಬರುತ್ತ ಟಾಕೀಸು ಸೊರಗಿತು. ಇನ್ನು ಬಾಗಿಲು ಹಾಕುತ್ತಾರೆ ಎಂಬ ಸುದ್ದಿಯ ಜೊತೆಗೇ, ಕೊನೆಗೊಮ್ಮೆ ಆ ಸಿನಿಮಾ ಹಾಕುತ್ತಾರಂತೆ ಎಂಬ ಸುದ್ದಿಯೂ ಬಂತು. ಈ ಸಲ ಕಂಡಕ್ಟರನ್ನು ನಂಬದೆ ಅತ್ತೆ ತಾನೇ ಬೂತಿಗೆ ಹೋಗಿ ಫೋನು ಮಾಡಿದಳು. ವಿಜಯಕ್ಕ ನೋಡ್ತೇನೆ ಎಂದಳು. ಶೈಲಕ್ಕ ಬರಲು ಒಪ್ಪದೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿತು: "ಟಿವಿಲೇ ಬತ್ತಡ, ಅಷ್ಟು ದೂರ ಎಂತಕ್ಕೆ ಬರವು?" ಈಗಲೂ ನನಗೆ ಶೈಲಕ್ಕನ ಮೇಲೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ? ಅತ್ತೆ ಮಾತ್ರ, ಹಾಗೆಲ್ಲ ಹೇಳುತ್ತಾಳೆ, ಬಾರದೆ ಇರುವುದಿಲ್ಲ ಎಂದಳು.

ಅವತ್ತು ಟಾಕೀಸಿನಲ್ಲಿ ಬೆರಳೆಣಿಕೆಯ ಜನ. ಕಿತ್ತುಕೊಳ್ಳುವವರೇ ಇಲ್ಲದ ಸೀಟುಗಳಿಗೂ ಅತ್ತೆ ತುಂಡು ಹಾಸಿದಳು. ಬಾಗಿಲಿನ ಪರದೆ ಅಲುಗಿದಾಗಲೆಲ್ಲ ತಿರುಗಿ ನೋಡಿದಳು. ಬನವಾಸಿ ಕಡೆಯ ಹೆಂಗಸೊಬ್ಬಳು, ಕಂಕುಳಲ್ಲಿ ಬೆವತ ಕೂಸು, ಫ್ಯಾನು ನೋಡಿ ಬಂದು, "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳಿದಳು. ಅತ್ತೆ ಅದೇ ಹಳೆಯ ಮಾತು ಹೇಳಿ ಕಳಿಸಿದಳು. ಇಂಟರ್ವಲ್ ಮುಗಿದು ದೀಪ ಆರುವ ಹೊತ್ತಿಗೆ ಆ ಕೂಸು ಹಿಂದೆಲ್ಲೋ ರಗಳೆ ಮಾಡತೊಡಗಿತ್ತು. ಅತ್ತೆ ಇನ್ನೊಮ್ಮೆ ಬಾಗಿಲು ನೋಡಿದಳು. ಆಮೇಲೆ ಎರಡೂ ತುಂಡು ಎತ್ತಿ ಮಡಚಿ, ಹಿಂದೆ ತಿರುಗಿ, "ಬನ್ನಿ, ಇಲ್ಲಿ ಕೂತ್ಕೊಳ್ಳಿ. ಯಾರೂ ಇಲ್ಲ" ಎಂದಳು.

ಸೇತುವೆಯ ದೃಶ್ಯ ಬಂತು. ನಾಯಕ ಕೇಳಿದ. ನಮ್ಮ ಸಾಲಿನಲ್ಲಿ ಯಾರೂ ಮಾತಾಡಲಿಲ್ಲ. ತೆರೆಯ ಮೇಲಿನ ಹುಡುಗಿ ಒಬ್ಬಳೇ ಉತ್ತರ ಕೊಟ್ಟಳು. ಮನೆಗೆ ನಡೆಯುವಾಗ ಅತ್ತೆ ಗೆಳತಿಯರ ಪರ ವಹಿಸಿ ನನಗೆ, "ಅವಕ್ಕೂ ಮನೆ ಕೆಲಸ ಇರ್ತು ಕೂಸೆ" ಎಂದಳು. ಮರುದಿನದಿಂದ ಆ ಕ್ಯಾಸೆಟ್ಟು ಹಾಕಲಿಲ್ಲ. ಮಿಷನ್ನಿನ ಸದ್ದೊಂದೇ ಉಳಿದ ಆ ಮನೆಯಲ್ಲಿ ನನಗೆ ಬಹಳ ಒಂಟಿ ಎನಿಸುತ್ತಿತ್ತು.

ಅಜ್ಜಿ ಹೋದಳು, ಕೆಲವು ವರ್ಷದಲ್ಲಿ ಅತ್ತೆಯೂ ಹೋದಳು. ಅತ್ತೆಯ ಹನ್ನೆರಡನೇ ದಿನದ ಊಟಕ್ಕೆ ವಿಜಯಕ್ಕ, ಶೈಲಕ್ಕ ಇಬ್ಬರೂ ಬಂದರು. ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು, ಸರೋಜನ ಜೊತೆ ಸಿನಿಮಾ ನೋಡುತ್ತಿದ್ದುದನ್ನೇ ನೆನೆಸಿಕೊಂಡು ಅತ್ತರು. ನಾನು ಬಡಿಸುತ್ತ ಮುಂದೆ ಹೋದೆ.

ಮೊನ್ನೆ ಬಸ್ಸು ಹೊರಟರೂ ನೀಲಿ ತುಂಡಿನವರು ಬರಲಿಲ್ಲ. ಕಂಡಕ್ಟರು ಎರಡು ಸಲ ಹೇಳಿದ, ಅದನ್ನು ಸರಿಸಿ ಕೂತ್ಕೊಳ್ಳಿ ಮಾರಾಯ್ತಿ, ಸಿದ್ದಾಪುರದವರೆಗೆ ನಿಂತೇ ಹೋಗ್ತೀರಾ ಎಂದು. ಕಂಬಿ ಹಿಡಿದು ನಿಂತೇ ಇದ್ದೆ.

"ಜನ ಇದ್ದಾರೆ," ಎಂದೆ. "ಬರ್ತಾರೆ."