ಸೈಕಲ್ಲೂ ಕೂಡಬೇಕು, ಬಾಣಂತಿಯೂ ಕೂಡಬೇಕು

ಬಲಗಾಲಿನ ಪೈಜಾಮದ ತುದಿಗೆ ಬಟ್ಟೆ ಒಣಹಾಕುವ ನೀಲಿ ಪ್ಲಾಸ್ಟಿಕ್ ಚಿಮಟ. ನಮ್ಮ ಡಾಕ್ಟರ್ ಬಾಯಿಯನ್ನು, ಅಂದರೆ ಡಾಕ್ಟರಮ್ಮನನ್ನು, ನೆನೆಸಿಕೊಂಡರೆ ನನಗೆ ಮುಖಕ್ಕಿಂತ ಮೊದಲು ಕಾಣುವುದು ಅದು. ಸೈಕಲ್ ಚೈನಿಗೆ ಬಟ್ಟೆ ಸಿಗಬಾರದೆಂದು ಬೆಳಿಗ್ಗೆ ಹಾಕಿಕೊಂಡ ಚಿಮಟವನ್ನು ತೆಗೆಯುವುದೇ ಮರೆತು, ಒಮ್ಮೆ ಲಗ್ನದ ಊಟಕ್ಕೂ ಹಾಗೆಯೇ ಬಂದು ಕೂತಿದ್ದರು. ಯಾರೋ ಬೆರಳು ಮಾಡಿ ತೋರಿಸಿದರೆ, "ಇರ್ಲಿ ಬಿಡವಾ, ಅದೇನ ಉಣ್ಣಾಕ ಕೇಳತೈತೇನ?" ಎಂದರು.

ಕಾಗವಾಡದಲ್ಲಿ ಅವರದು ಸಣ್ಣ ದವಾಖಾನೆ. ಸುತ್ತಲಿನ ತೋಟದ ಮನೆಗಳಿಗೆಲ್ಲ ಹೆರಿಗೆಗೆ ಅವರೇ ಗತಿ. ನಾನು ಚಿಕ್ಕೋಡಿಯಲ್ಲಿ ಹಳೆಯ ಕಾರು ಕೊಡಿಸುವ ದಲ್ಲಾಳಿ. ನಾವು ಹೇಗೆ ಅಂದರೆ, ಯಾವ ಡಬ್ಬಾ ಗಾಡಿಯನ್ನಾದರೂ "ಲೇಡಿ ಡಾಕ್ಟರ್ ಹೊಡದ ಗಾಡಿ ಐತ್ರಿ, ಒಂದ್ ಗೀರೂ ಇಲ್ಲ" ಎಂದು ಹೇಳಿ ಮಾರುವ ಜನ. ಅಂಥದ್ದರಲ್ಲಿ ಲೇಡಿ ಡಾಕ್ಟರೇ ಗಿರಾಕಿಯಾಗಿ ಬಂದು ನಿಂತರು. ಅದೂ ಹಿಂದೆ ಒಂದು ಟೆಂಪೋದಲ್ಲಿ ತಮ್ಮ ಸೈಕಲ್ ಹೇರಿಕೊಂಡು.

"ಎಂಜಿನ್ ಹೆಂಗೈತಿ, ಎಷ್ಟ ಓಡೇತಿ ಕೇಳ್ರಿ ಬಾಯಾರ," ಎಂದೆ.

"ಅದಕ್ಕ ನೀ ಹೆಂಗೂ ಸುಳ್ಳ ಹೇಳ್ತೀ. ಮೊದಲ ಹಿಂದಿನ ಬಾಗಲಾ ತಗಿ."

ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಸ್ತೆ ಫ್ಯಾಕ್ಟರಿಯದು, ನಮ್ಮದಲ್ಲ. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರಾಲಿ, ಎರಡೂ ಬದಿಗೆ ಹೊರಚಾಚಿದ ಕಬ್ಬು. ಒಂದು ಟ್ರಾಲಿಯ ಆಕ್ಸಲ್ ಮುರಿದರೆ ಸಾಕು, ಅರ್ಧ ದಿನ ದಾರಿ ಬಂದ್. ಹಿಂದಿನ ಹಂಗಾಮಿನಲ್ಲಿ ಐಗಳಿ ಕಡೆಯ ಒಂದು ತೋಟಕ್ಕೆ ಹೆರಿಗೆಗೆಂದು ಹೊರಟಾಗ ಹೀಗೆಯೇ ಆಗಿ, ಡಾಕ್ಟರ್ ಬಾಯಿ ಕಾರು ಬಿಟ್ಟು ನಡೆದು ಹೋಗಿದ್ದರು. ಮುಟ್ಟುವಷ್ಟರಲ್ಲಿ ಹೆಂಗಸು ತೀರಿಹೋಗಿದ್ದಳು. ಅದರ ಬಗ್ಗೆ ನನ್ನ ಮುಂದೆ ಅವರು ಮಾತಾಡಿದ್ದು ಒಂದೇ ಸಲ: "ಸೈಕಲ್ ಇದ್ದಿದ್ರ ಮುಟ್ಟತಿದ್ದೆ."

ಹಾಗಾಗಿ ಅವರಿಗೆ ಬೇಕಾದದ್ದು ಒಳಗೆ ಸೈಕಲ್ ಹಿಡಿಸುವ ಕಾರು. ಗಾಲಿ ಬಿಚ್ಚುವಂತಿಲ್ಲ. ಇಳಿಸಿದ ಕೂಡಲೇ ಹತ್ತಿ ಹೋಗಬೇಕು. ಮತ್ತೆ, ಸೈಕಲ್ ಇದ್ದಾಗಲೂ ಬಾಣಂತಿಯನ್ನು ಮಲಗಿಸಿ ಮಿರಜಿನ ದೊಡ್ಡ ದವಾಖಾನೆಗೆ ಒಯ್ಯುವಷ್ಟು ಜಾಗ ಉಳಿಯಬೇಕು.

"ಮ್ಯಾಲ ಕ್ಯಾರಿಯರ್ ಹಾಕ್ಸಿ ಕಟ್ಟಿಬಿಡೂಣ್ರಿ," ಎಂದೆ.

"ಟ್ರಾಲಿ ಬಾಜೂಕ ಹಾದು ನೋಡು. ಕಬ್ಬು ಸೈಕಲ್ಲಾ ಕಿತ್ಕೊಂಡ ಫ್ಯಾಕ್ಟರಿಗೆ ಒಯ್ತೈತಿ. ಕಬ್ಬಿನ ಜೋಡಿ ಅದನ್ನೂ ಅರೀತಾರ."

ಡಿಕ್ಕಿ ಇದ್ದ ಕಾರಿನಲ್ಲಿ ಮುಂದಿನ ಗಾಲಿ ಹೊರಗುಳಿಯಿತು. ರಾಯಬಾಗದಲ್ಲಿ ನೋಡಿದ ಜೀಪಿನಲ್ಲಿ ಸೈಕಲ್ ಆರಾಮಾಗಿ ಕೂತಿತು. ಆದರೆ ಡಾಕ್ಟರ್ ಬಾಯಿ ಹೊಟ್ಟೆ ಹಿಡಿದುಕೊಂಡು, ತಿಣುಕುತ್ತ, ಬಸುರಿಯಂತೆ ಅದನ್ನು ಹತ್ತಿ ತೋರಿಸಿದರು. ಮಾಲಕ ಹೆದರಿ ನೀರು ತಂದ. "ಎತ್ತರ ಭಾಳ ಆತು," ಎಂದು ಇಳಿದರು. ಅಥಣಿಯ ವ್ಯಾನಿನಲ್ಲಿ ಎರಡೂ ಹಿಡಿಸಿದವು. ಓಡಿಸಿ ನೋಡಿ, "ಹೊಲಿಗಿ ಹಾಕಿದಾಕಿ ಇದರಾಗ ಕೂತ್ರ ಊರ ಮುಟ್ಟೂದ್ರಾಗ ಎಲ್ಲಾ ಹೊಲಿಗಿ ಬಿಚ್ಚತಾವು," ಎಂದು ಅದನ್ನೂ ಬಿಟ್ಟರು. ನನಗೆ ಸಾಕಾಗಿತ್ತು. ಒಂದು ಹೊಸ ಸೈಕಲ್ಲಿನ ಅಂಗಡಿ ಇಟ್ಟಿದ್ದರೂ ಇಷ್ಟು ಸಲ ಸೈಕಲ್ ಎತ್ತುತ್ತಿರಲಿಲ್ಲ.

ಕೊನೆಗೆ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಮನೆಯಲ್ಲಿ ಉದ್ದ ಬೆನ್ನಿನ ಒಂದು ಗಾಡಿ ಸಿಕ್ಕಿತು. ಹಿಂದಿನ ಬಾಗಿಲು ಮೇಲಕ್ಕೆ ತೆರೆಯುತ್ತಿತ್ತು. ಹಿಂದಿನ ಸೀಟು ಎರಡು ಭಾಗವಾಗಿ ಬೇರೆ ಬೇರೆಯಾಗಿ ಮಡಚುತ್ತಿತ್ತು. ಆದರೆ ಶೋರೂಮಿನಿಂದ ಬಂದಾಗಿನ ಪ್ಲಾಸ್ಟಿಕ್ ಕವರು ಇನ್ನೂ ಸೀಟಿನ ಮೇಲೆಯೇ. ನಮ್ಮಲ್ಲಿ ಅದನ್ನು ಯಾರೂ ತೆಗೆಯುವುದಿಲ್ಲ. ಹಳದಿಯಾಗಲಿ, ಬೆವರಿಗೆ ಬೆನ್ನು ಅಂಟಲಿ, ಕವರು ಇರುವವರೆಗೆ ಗಾಡಿ ಹೊಸದು.

"ಕವರಿಗೆ ಕೈ ಹಚ್ಚಬ್ಯಾಡ್ರಿ ಮತ್ತ," ಎಂದರು ಮಾಲಕರು. "ಮಗನ ಲಗ್ನದಾಗ ತಂದ ಗಾಡಿ. ಇನ್ನಾ ಮದುಮಗಳಂಗ ಐತಿ."

ಕವರು ಅಡ್ಡ ಬಂದು ಸೀಟು ಪೂರ್ತಿ ಮಡಚಲಿಲ್ಲ. ಸೈಕಲ್ಲನ್ನು ಹೇಗೋ ಓರೆಯಾಗಿ ತುರುಕಿ, ಕಾಗವಾಡದವರೆಗೆ ಓಡಿಸಿ ನೋಡುತ್ತೇವೆಂದು ಹೇಳಿ ಹೊರಟೆವು. ಸ್ಟಿಯರಿಂಗ್ ಡಾಕ್ಟರ್ ಬಾಯಿಯ ಕೈಯಲ್ಲಿ.

ಅಂಕಲಿಯ ಹೊಳೆ ದಾಟಿದಾಗ ಅವರ ಮೊಬೈಲು ರಿಂಗಾಯಿತು. ಶೇಡಬಾಳದಿಂದ ನನ್ನ ತಂಗಿಯ ಗಂಡ. ತಂಗಿಗೆ ಎರಡನೆಯ ಹೆರಿಗೆ, ಹಾಗಾಗಿ ತವರಿಗೆ ಬಾರದೆ ಗಂಡನ ತೋಟದ ಮನೆಯಲ್ಲೇ ಇದ್ದಳು. ದಿನ ತುಂಬಲು ಇನ್ನೂ ಸಮಯವಿತ್ತು. ಆದರೆ ನೋವು ಶುರುವಾಗಿತ್ತು.

"ಬರಾಕತ್ತೇನಿ," ಎಂದಷ್ಟೇ ಹೇಳಿ ಡಾಕ್ಟರ್ ಬಾಯಿ ಗಾಡಿ ಓಡಿಸಿದರು. ಕಾಗವಾಡದ ದವಾಖಾನೆಯಲ್ಲಿ ಚೀಲವನ್ನೂ, ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ರಕ್ತ ನಿಲ್ಲಿಸುವ ಇಂಜೆಕ್ಷನ್ನುಗಳನ್ನೂ ಎತ್ತಿಕೊಂಡೆವು. ಊರು ದಾಟಿ ಸ್ವಲ್ಪ ದೂರ ಹೋದದ್ದೇ ತಡ, ಮುಂದೆ ನಿಂತುಬಿಟ್ಟ ಗಾಡಿಗಳ ಸಾಲು. ಆಕ್ಸಲ್ ಮುರಿದ ಟ್ರಾಲಿ ಅಡ್ಡ ಮಲಗಿತ್ತು. ರಸ್ತೆ ತುಂಬ ಕಬ್ಬು. ಹಿಂದೆ ನಿಂತ ಟ್ರ್ಯಾಕ್ಟರುಗಳಲ್ಲಿ ಒಂದೊಂದರಲ್ಲಿ ಒಂದೊಂದು ಹಾಡು.

ಆಗ ಎರಡನೆಯ ಫೋನು. ತಂಗಿಯ ಗಂಡನ ದನಿ ನನಗೂ ಕೇಳಿಸಿತು. "ಕೂಸ ಹುಟ್ಟೇತ್ರಿ ಬಾಯಾರ... ರಕ್ತ ನಿಂದರವಲ್ದು... ಹಾಸಿಗಿ ಎಲ್ಲಾ..."

ಡಾಕ್ಟರ್ ಬಾಯಿಯ ದನಿ ಏರಲಿಲ್ಲ, ಇಳಿಯಿತು. "ನಿಮ್ಮವ್ವಗ ಫೋನ್ ಕೊಡು. ಯವ್ವಾ, ಕೇಳು. ಹೊಕ್ಕಳದ ಕೆಳಗ ಕೈ ಇಟ್ಟು ಗಟ್ಟಿ ಒತ್ತಿ ತಿಕ್ಕು. ಒದರ್ಲಿ, ಅಳ್ಲಿ, ಬಿಡಬ್ಯಾಡ. ನಾ ಬರೂತನಾ ಕೈ ತಗದೀ ಅಂದ್ರ ನೋಡು."

ಇಳಿದು ಹಿಂದಿನ ಬಾಗಿಲು ತೆರೆದೆವು. ಸೈಕಲ್ ಬರಲೊಲ್ಲದು. ಪೆಡಲ್ಲು ಆ ಪ್ಲಾಸ್ಟಿಕ್ಕಿನೊಳಗೆ ಹೊಕ್ಕು ಸುತ್ತಿಕೊಂಡಿತ್ತು. ಎಳೆದಷ್ಟೂ ಅದು ರಬ್ಬರಿನಂತೆ ಹಿಗ್ಗುತ್ತಿತ್ತು. ಡಾಕ್ಟರ್ ಬಾಯಿ ಚೀಲದಲ್ಲಿ ಕತ್ತರಿಗಾಗಿ ತಡಕಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕವರಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಹರಿದೆ. ಚರ್ರೆಂದಿತು. ಸೀಟು ಧಪ್ಪೆಂದು ಮಡಚಿ ಬಿತ್ತು, ಸೈಕಲ್ ಹೊರಗೆ ಬಂತು.

ಚೀಲ ಕ್ಯಾರಿಯರಿಗೆ, ಫ್ಲಾಸ್ಕು ಹೆಗಲಿಗೆ. ನಾನೂ ಓಡಲು ಹೊರಟದ್ದನ್ನು ನೋಡಿ ಒದರಿದರು: "ಗಾಡಿ ಬಿಟ್ಟು ಬಂದ್ರ ಕಾಲ ಮುರೀತೇನಿ! ಆಕಿನ್ನ ಮಿರಜಕ್ಕ ಒಯ್ಯೂದು ಬೀಳತೈತಿ. ದಾರಿ ಮಾಡ್ಕೊಂಡ ಬಾ!"

ಟ್ರಾಲಿಗೂ ಕಾಲುವೆಗೂ ನಡುವಿನ ಸಂದಿಯಲ್ಲಿ ಸೈಕಲ್ ಹೊಕ್ಕು ಮಾಯವಾಯಿತು.

ತಂಗಿಯ ಗಂಡ ಫೋನು ಎತ್ತುತ್ತಿಲ್ಲ. ನಾನು ಟ್ರ್ಯಾಕ್ಟರಿನಿಂದ ಟ್ರ್ಯಾಕ್ಟರಿಗೆ ಓಡಿ ಕೈ ಮುಗಿದೆ. "ನಮ್ಮ ತಂಗಿ ಸಾಯಾಕತ್ತಾಳೋ ಅಣ್ಣಾ" ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಒದರಿದೆ. ಒಬ್ಬ ಹಾಡು ಬಂದ್ ಮಾಡಿದ. ಆಮೇಲೆ ಎಲ್ಲವೂ ಬಂದ್ ಆದವು. ಡ್ರೈವರುಗಳೆಲ್ಲ ಇಳಿದು ಕಬ್ಬನ್ನು ತೋಳಿನಿಂದ ಬಾಚಿ ಪಕ್ಕದ ಹೊಲಕ್ಕೆ ಎಸೆದರು. ರಸ್ತೆಯ ಇನ್ನೊಂದು ಬದಿಯ ತಗ್ಗಿನಲ್ಲಿ ಅದೇ ಕಬ್ಬು ಹಾಸಿ, ಗಾಡಿಯನ್ನು ಅದರ ಮೇಲೆ ಹಾಯಿಸಿ, ನೂಕಿ ದಾಟಿಸಿದರು.

ತೋಟದ ಮನೆಯ ಅಂಗಳದಲ್ಲಿ ಹೆಂಗಸರು ಗುಂಪುಗೂಡಿ ನಿಂತಿದ್ದರು. ಸೈಕಲ್ ನೆಲದ ಮೇಲೆ ಬಿದ್ದಿತ್ತು. ನನಗೆ ಗಾಡಿಯಿಂದ ಇಳಿಯುವ ಧೈರ್ಯವೇ ಬರಲಿಲ್ಲ.

ಡಾಕ್ಟರ್ ಬಾಯಿ ಹೊರಗೆ ಬಂದರು. ಮೊಣಕೈವರೆಗೆ ರಕ್ತ. "ನಿಂತೈತಿ. ಆದ್ರ ಭಾಳ ಹೋಗೇತಿ. ಏನ ನನ್ನ ಮಾರಿ ನೋಡ್ತೀ? ಗಾಡಿ ತಿರುಗಿಸು."

ತಂಗಿಯನ್ನು ಎತ್ತಿ ತಂದೆವು. ಸೈಕಲ್ ಇಲ್ಲೇ ಇರಲಿ ಎಂದೆ. "ಮುಂದ ಎಷ್ಟ ಟ್ರಾಲಿ ಅದಾವ ನಿನಗ ಗೊತ್ತೈತೇನ?" ಎಂದು ಗದರಿ, ಅದನ್ನೂ ಮಲಗಿಸಿದರು. ತಂಗಿಯ ತಲೆ ಅವರ ತೊಡೆಯ ಮೇಲೆ. ಕಾಲು ಎತ್ತರದಲ್ಲಿರಬೇಕೆಂದು ಆಕೆಯ ಹಿಮ್ಮಡಿಗಳನ್ನು ಸೈಕಲ್ಲಿನ ಸೀಟಿನ ಮೇಲೆ ಇಟ್ಟರು. ಮುಂದೆ ನನ್ನ ಪಕ್ಕದಲ್ಲಿ ಅವಳ ಅತ್ತೆ, ಮಡಿಲಲ್ಲಿ ಹಸಿಗೂಸು. ದಾರಿಯುದ್ದಕ್ಕೂ ಡಾಕ್ಟರ್ ಬಾಯಿ ತಂಗಿಯ ಕೆನ್ನೆ ತಟ್ಟುತ್ತಿದ್ದರು. "ಮಲಗಬ್ಯಾಡವಾ. ಏನ ಹೆಸರ ಇಡ್ತೀ ಹೇಳು. ಏ, ಹೇಳಂದ್ರ! ನನ್ನ ಅತ್ತಿ ಹೆಸರ ಇಡಾಕಿನಾ? ಬ್ಯಾಡಬೇ, ಭಾಳ ಕೆಟ್ಟ ಮುದುಕಿ ಇದ್ದಳಾಕಿ." ನಾನು ಕನ್ನಡಿಯಲ್ಲಿ ನೋಡಲಿಲ್ಲ. ನೋಡಿದರೆ ಗಾಡಿ ಓಡಿಸಲಾಗುತ್ತಿರಲಿಲ್ಲ.

ಮಿರಜಿನಲ್ಲಿ ರಕ್ತ ಏರಿಸಿದರು. ಸಂಜೆಯ ಹೊತ್ತಿಗೆ ತಂಗಿ ಕಣ್ಣು ತೆರೆದು ಚಹಾ ಕೇಳಿದಳು. ಡಾಕ್ಟರ್ ಬಾಯಿ ಗಾಡಿಯ ಒಳಗನ್ನು ನೋಡಿ, "ಇದನ್ನ ತಿರುಗಿ ಕೊಡಾಕ ಬರೂದಿಲ್ಲ. ಮದುಮಗಳ ಸೀರಿ ನೀನ ಹರದೀ," ಎಂದರು. ಗಾಡಿ ಆರಿಸುವ ಕೆಲಸ ಹಾಗೆ ಮುಗಿಯಿತು.

ಆಮೇಲೆ ಎಷ್ಟೋ ಹಂಗಾಮುಗಳಲ್ಲಿ, ಎಷ್ಟೋ ಅಂಗಳಗಳಲ್ಲಿ ಆ ಗಾಡಿ ನಿಂತಿತು. ಕೆಲವು ವರ್ಷಗಳ ಹಿಂದೆ ಡಾಕ್ಟರ್ ಬಾಯಿ ಹೋದರು. ಮಳೆಗಾಲದ ಒಂದು ಮಧ್ಯಾಹ್ನ, ತಮ್ಮ ದವಾಖಾನೆಯ ಕುರ್ಚಿಯಲ್ಲೇ, ಎದೆ ಹಿಡಿದುಕೊಂಡು. ಕಬ್ಬು ಇನ್ನೂ ಹೊಲದಲ್ಲಿತ್ತು. ಚಿಕ್ಕೋಡಿಯಿಂದ ನಾನು ಹೋದೆ, ದಾರಿಯಲ್ಲಿ ಒಂದು ಟ್ರಾಲಿಯೂ ಎದುರಾಗಲಿಲ್ಲ.

ಶೇಡಬಾಳದಿಂದ ತಂಗಿ ಬಂದಳು. ಜೊತೆಗೆ ಅವತ್ತು ಹುಟ್ಟಿದ ಮಗಳು, ತಾಯಿಯ ಭುಜಕ್ಕೆ ಬರುವಷ್ಟು ಬೆಳೆದವಳು. ತಂಗಿ ಅಳಲಿಲ್ಲ. ಡಾಕ್ಟರ್ ಬಾಯಿಯ ತಣ್ಣಗಿನ ಕೆನ್ನೆಯನ್ನು ಮೆಲ್ಲಗೆ ತಟ್ಟಿದಳು. ಮತ್ತೆ ತಟ್ಟಿದಳು. ಯಾರೋ ಅವಳ ಕೈ ಹಿಡಿಯಲು ಹೋದರು. ನಾನೇ ಬೇಡವೆಂದೆ.