ಹಾಡು ಮುಗಿದ ಮೇಲೆ ಸಿದ್ದರಾಮಣ್ಣನ ಜೀಪು

ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಈಗಷ್ಟೇ ಒಲೆ ಹೊತ್ತಿದೆ. ಹೈದರಾಬಾದಿನ ಕಡೆ ಹೊರಟ ಲಾರಿಗಳು ಇನ್ನೂ ದೀಪ ಹಚ್ಚಿಕೊಂಡೇ ಓಡುತ್ತಿವೆ. ಸಿದ್ದರಾಮಣ್ಣ ತಮ್ಮ ಜೀಪಿನ ನೆತ್ತಿಯ ಮೇಲೆ ಮೊಣಕಾಲೂರಿ ಕೂತು, ದೊಡ್ಡ ಡ್ರಮ್ಮಿಗೆ ಕೌದಿ ಸುತ್ತುತ್ತಿದ್ದಾರೆ. ಹಳೆ ಸೀರೆಗಳನ್ನು ಕೂಡಿಸಿ ಹೆಂಡತಿ ಮಲಕಮ್ಮ ಹೊಲಿದುಕೊಟ್ಟ ಕೌದಿ ಅದು. ಹಗ್ಗ ಬಿಗಿದು, ಎರಡೂ ಕೈಯಿಂದ ಅಲುಗಾಡಿಸಿ ನೋಡಿ, ಮತ್ತೊಂದು ಗಂಟು ಹಾಕುತ್ತಾರೆ. ಕೆಳಗೆ ತರಕಾರಿ ಮಾರುವ ಮಾಣಿಕಬಾಯಿ ಮೇಥಿಯ ಬುಟ್ಟಿ ಹಿಡಿದು ನಿಂತಿದ್ದಾಳೆ. ಆಕೆ ಕಾಸಾರಶಿರಸಿಯ ಸಂತೆಗೆ ಹೋಗಬೇಕು. ಡ್ರಮ್ಮುಗಳು ಭಾಲ್ಕಿಗೆ ಹೋಗಬೇಕು.

"ಡ್ರಮ್ ಕೆಳಗ, ಮೇಥಿ ಮ್ಯಾಲ" ಎನ್ನುತ್ತ ಬುಟ್ಟಿಗೆ ಕೈ ಚಾಚುತ್ತಾರೆ ಸಿದ್ದರಾಮಣ್ಣ. "ಮೇಥಿ ಬಾಡಿದ್ರ ಈಕಿ ಬೈತಾಳ, ಡ್ರಮ್ ಒಡದ್ರ ಶುಭಂ ಅಳ್ತಾನ. ಇಬ್ರನ್ನೂ ಸಂಭಾಳಿಸಬೇಕಲ್ರೀ."

ಶುಭಂ ಅಂದರೆ 'ನಾಕಾ' ಎಂಬ ರಾಕ್ ಬ್ಯಾಂಡಿನ ಡ್ರಮ್ಮರ್. ಹಗಲು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಗಿಟಾರ್ ನುಡಿಸುವ ನೀಲೇಶ ಮೊಬೈಲ್ ರಿಪೇರಿ ಮಾಡುತ್ತಾನೆ. ಹಾಡು ಕಟ್ಟಿ ಹಾಡುವ ಧನರಾಜ ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಹೇಳುತ್ತಾನೆ. ಅವರ ಹಾಡುಗಳಲ್ಲಿ ಅರ್ಧ ಮರಾಠಿ, ಅರ್ಧ ಈ ಕಡೆಯ ಮನೆಗಳಲ್ಲಿ ಆಡುವ ಕನ್ನಡ. ಕೆಲವು ಸಾಲುಗಳು ಒಂದು ಭಾಷೆಯಲ್ಲಿ ಹೊರಟು ಇನ್ನೊಂದರಲ್ಲಿ ಮುಟ್ಟುತ್ತವೆ. ಹೋದ ದೀಪಾವಳಿಯ ಹೊತ್ತಿಗೆ 'ಹಳಿ ರಸ್ತಾ', ಅಂದರೆ ಹಳೆಯ ರಸ್ತೆ, ಎಂಬ ಅವರ ಮೊದಲ ಆಲ್ಬಮ್ ಬಂತು. ಉಮರ್ಗಾ, ನಿಲಂಗಾ, ಉದಗೀರದ ಕಾಲೇಜು ಹುಡುಗರ ಫೋನುಗಳಲ್ಲಿ ಈಗ ಅದೇ ಹಾಡು. ಬ್ಯಾಂಡಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆ ಮೂವರನ್ನೂ ಅವರ ಸಾಮಾನನ್ನೂ ಹೊತ್ತು ತಿರುಗುವ ಜೀಪಿನ ಬಗ್ಗೆ ಯಾರೂ ಬರೆದಿಲ್ಲ.

ಸಿದ್ದರಾಮಣ್ಣ ಗುಂಜೋಟಿಯವರು. ಬೀರಪ್ಪನ ಒಕ್ಕಲು. ಅಪ್ಪ ಕುರಿ ಕಾಯುತ್ತಿದ್ದರು. ಸುಗ್ಗಿ ಮುಗಿದರೆ ಹಿಂಡು ಹೊಡೆದುಕೊಂಡು ಊರೂರು ತಿರುಗಬೇಕು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ನಡೆದ ಹುಡುಗನಿಗೆ ಕುರಿಗಿಂತ ರಸ್ತೆಯೇ ಹೆಚ್ಚು ಹಿಡಿಸಿತು. ಹದಿನಾರಕ್ಕೆ ಲಾರಿಯ ಕ್ಲೀನರ್ ಆದರು, ಆಮೇಲೆ ಡ್ರೈವರ್. ಸೊಂಟ ಹಿಡಿದುಕೊಂಡ ಮೇಲೆ ದೂರದ ಗಾಡಿ ಬಿಟ್ಟು, ಯಾರೋ ಓಡಿಸಿ ಬಿಟ್ಟ ಜೀಪು ಕೊಂಡರು. ಉಮರ್ಗಾ, ಕಾಸಾರಶಿರಸಿ, ನಿಲಂಗಾ ಎಂದು ಕೂಗಿ ಸೀಟು ತುಂಬಿಸುವುದು, ಇಳಿಸುವುದು, ತಿರುಗಿ ಬರುವುದು. ಕುರಿ ಈಗ ಮಲಕಮ್ಮನ ಪಾಲಿಗೆ. ಲಾಕ್‌ಡೌನಿನಲ್ಲಿ ಜೀಪು ಮನೆ ಮುಂದೆಯೇ ನಿಂತಿತು. ಟೈರು ಕೂತವು, ಬ್ಯಾಟರಿ ಸತ್ತಿತು. ಆ ದಿನಗಳಲ್ಲಿ ಮನೆ ನಡೆದದ್ದು ಮಲಕಮ್ಮನ ಕುರಿಯಿಂದ. "ಕೋಳಿ ಹಿಂದಿನ ಸೀಟಿನ ಮ್ಯಾಲ ತತ್ತಿ ಇಟ್ಟು ಕಾವಿಗಿ ಕೂತಿತ್ತು. ಎಬ್ಬಸೂ ಮನಸಾಗಲಿಲ್ಲ. ಗಾಡಿಗೆ ಯಾರರೆ ಒಬ್ರು ಪ್ಯಾಸೆಂಜರ್ ಇರಲಿ ಅಂತ ಬಿಟ್ಟೆ."

ಬ್ಯಾಂಡಿನ ಸಂಗ ಆದದ್ದು ಅಚಾನಕ್. ಉಮರ್ಗಾದ ಒಂದು ಕಾಲೇಜಿನಲ್ಲಿ 'ನಾಕಾ'ದ ಮೊದಲ ಕಾರ್ಯಕ್ರಮ. ಬರುತ್ತೇನೆಂದ ಟೆಂಪೊದವನು ಬರಲೇ ಇಲ್ಲ. ಧನರಾಜ ಬೆವರಿಳಿಸುತ್ತ ಸ್ಟ್ಯಾಂಡಿಗೆ ಓಡಿ ಬಂದಾಗ ಖಾಲಿ ನಿಂತಿದ್ದದ್ದು ಸಿದ್ದರಾಮಣ್ಣನ ಜೀಪು. ಮದುವೆಯ ಮೈಕ್ ಸೆಟ್ ಇರಬೇಕೆಂದುಕೊಂಡು ಸಾಮಾನು ಏರಿಸಿದರು. ಹಾಡು ಶುರುವಾದಾಗ ತಲೆ ಸಿಡಿಯಿತು. ಜೀಪಿನ ಗಾಜು ಏರಿಸಿ ಒಳಗೆ ಕೂತುಬಿಟ್ಟರು. ಗಾಜು ಮತ್ತೆ ಇಳಿದದ್ದು 'ಕುರಿ ದಾಟೂತನಕ' ಎಂಬ ಹಾಡಿಗೆ. ಹೈವೇ ಮೇಲೆ ಕುರಿಹಿಂಡು ದಾಟುತ್ತದೆ, ಎರಡೂ ಕಡೆ ಗಾಡಿಗಳು ನಿಂತಿವೆ, ಹಾರ್ನು ಹೊಡೆಯುತ್ತಿವೆ, ಕುರಿ ಕಾಯುವವನು ಮಾತ್ರ ಅವಸರ ಮಾಡುವುದಿಲ್ಲ. ಹಾಡು ಇಷ್ಟೇ.

"ಸಣ್ಣಾಂವ ಇದ್ದಾಗ ನಾ ಕುರಿ ಹಿಂದ ಇದ್ದೆ. ದೊಡ್ಡಾಂವ ಆದ ಮ್ಯಾಲ ಸ್ಟೇರಿಂಗ್ ಹಿಂದ ಕೂತು ನಾನೇ ಹಾರ್ನ್ ಹೊಡದೀನಿ" ಎನ್ನುತ್ತಾರೆ. "ಆ ಹಾಡಿನಾಗ ಎರಡೂ ಕಡಿ ನಾನೇ ನಿಂತಂಗಾತು."

ಅಂದಿನಿಂದ 'ನಾಕಾ' ಎಲ್ಲಿ ಹಾಡಿದರೂ ಸಾಮಾನು ಇವರ ಜೀಪಿನ ನೆತ್ತಿಯ ಮೇಲೆ. ಆಲ್ಬಮ್ ಬಂದಾಗ ನೀಲೇಶ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಸಿದ್ದರಾಮಣ್ಣ ಅದನ್ನು ದಿನದ ಸವಾರಿಯಲ್ಲೂ ಹಚ್ಚಿದರು. ಮೊದಲ ವಾರ ಪ್ಯಾಸೆಂಜರುಗಳು ಬೈದರು; ಇದು ಹಾಡೋ ಹೊಟ್ಟಿಬ್ಯಾನಿಯೋ ಎಂದು ಒಬ್ಬ ಮುದುಕ ಕೇಳಿದ. ಆಮೇಲಾಮೇಲೆ ಮಾಣಿಕಬಾಯಿಯಂಥವರು ಕೂತ ಕೂಡಲೇ "ಆ ಕುರಿ ಹಾಡ ಹಚ್ಚು" ಅನ್ನತೊಡಗಿದರು.

ಇನ್ನೊಂದು ಕೆಲಸ ಯಾರೂ ಹೇಳದೆ ತಾನಾಗಿ ಅವರ ಮೇಲೆ ಬಿತ್ತು. ನಿಲಂಗಾದಲ್ಲೋ ಉದಗೀರದಲ್ಲೋ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹಳ್ಳಿಗಳ ಕಡೆಗಿನ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಮೂವರು ಹುಡುಗರು ಸಾಮಾನ್ಯವಾಗಿ ಅಲ್ಲೇ ಗೆಳೆಯರ ಕೋಣೆಯಲ್ಲಿ ಉಳಿಯುತ್ತಾರೆ. ಸಾಮಾನು ಹೊತ್ತ ಜೀಪು ಖಾಲಿ ಸೀಟಿನಲ್ಲಿ ಮರಳುತ್ತದೆ. ಬಸ್ಸು ತಪ್ಪಿದ ಅಭಿಮಾನಿಗಳನ್ನು ಸಿದ್ದರಾಮಣ್ಣ ಕೂಡಿಸಿಕೊಳ್ಳತೊಡಗಿದರು, ಅದರಲ್ಲೂ ಹೆಣ್ಣುಮಕ್ಕಳನ್ನು ಮೊದಲು. ಹೀಗೆ ಖಾಯಂ ಆದವರಲ್ಲಿ ಇಬ್ಬರು ಭುವನೇಶ್ವರಿ ಮತ್ತು ಗುರುಶಾಂತ. ಭುವನೇಶ್ವರಿ ಭಾಲ್ಕಿಯ ಮಗಳು, ಕಾಸಾರಶಿರಸಿಯ ಸೊಸೆ, ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ಗುರುಶಾಂತನದು ಅದೇ ಊರಲ್ಲಿ ಹಿಟ್ಟಿನ ಗಿರಣಿ. ಇಬ್ಬರೂ 'ನಾಕಾ'ದ ಒಂದೂ ಕಾರ್ಯಕ್ರಮ ಬಿಟ್ಟವರಲ್ಲ. ಇಬ್ಬರ ಅಭಿಪ್ರಾಯ ಒಂದು ದಿನವೂ ಕೂಡಿದ್ದಿಲ್ಲ.

ಭುವನೇಶ್ವರಿಗೆ ಆಲ್ಬಮ್ಮೇ ಮೇಲು. ಮೈದಾನದಲ್ಲಿ ಶುಭಂನ ಡ್ರಮ್ಮು ಧನರಾಜನ ಮಾತನ್ನು ನುಂಗಿಬಿಡುತ್ತದೆ, ಡ್ಯೂಟಿ ಬಿಡುವಿನಲ್ಲಿ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದಾಗಲೇ ಆ ಹಾಡಿನ ಶಬ್ದಗಳು ತನಗೆ ದಕ್ಕಿದ್ದು ಎನ್ನುತ್ತಾಳೆ. ತವರಿನ ಮಾತನ್ನು ಫೋನಿನಲ್ಲಿ ಹಾಡಾಗಿ ಕೇಳಿದ್ದು ಅದೇ ಮೊದಲಂತೆ. ಗುರುಶಾಂತ ಒಪ್ಪುವುದಿಲ್ಲ. ಪುಣೆಯ ಸ್ಟುಡಿಯೋದಲ್ಲಿ ತೊಳೆದು ಇಸ್ತ್ರಿ ಹೊಡೆದ ಹಾಡು ತನಗೆ ಬೇಡ, ಮೈದಾನದಲ್ಲಿ ಎದೆಗೆ ಗುದ್ದುವುದೇ ಬೇಕು ಎಂಬುದು ಅವನ ವಾದ. ಮೈದಾನದಲ್ಲಿ 'ಕುರಿ ದಾಟೂತನಕ' ಹತ್ತು ನಿಮಿಷ ನಡೆಯುತ್ತದೆ, ಜನ ಕೂಡಿ ಗುನುಗುತ್ತಾರೆ. ಆಲ್ಬಮ್ಮಿನಲ್ಲಿ ಅದು ಮೂರೇ ನಿಮಿಷ. ಅದಕ್ಕೆ ಅವನೊಂದು ಮಾತು ಹೇಳಿದ: "ಆಲ್ಬಮ್ಮಿನಾಗ ಕುರಿ ಭಾಳ ಲಗೂ ದಾಟಿಬಿಡ್ತಾವ." ಜೀಪು ತುಂಬ ನಕ್ಕರು. ಆ ಮಾತು ಆಮೇಲೆ ಮೂರೂ ತಾಲೂಕಿನಲ್ಲಿ ಓಡಾಡಿತು.

ಚಳಿಗಾಲದ ನಿಲಂಗಾ ಕಾರ್ಯಕ್ರಮ ಮಾತ್ರ ನಗುವಂಥದ್ದಾಗಿರಲಿಲ್ಲ. ಆಲ್ಬಮ್ಮಿನಲ್ಲಿ ಇದ್ದಂತೆಯೇ ಅಳೆದು ಹಾಡಬೇಕೆಂದು ಹುಡುಗರು ನಿರ್ಧರಿಸಿದ್ದರು. ಪುಣೆಯ ಯಾರೋ ಹಾಗೆ ಸಲಹೆ ಕೊಟ್ಟಿದ್ದರಂತೆ. ಕುರಿ ಹಾಡು ಮೂರು ನಿಮಿಷಕ್ಕೆ ನಿಂತಾಗ ಜನ ಅದರ ಮುಂದಿನ ಭಾಗಕ್ಕೆ ಕಾದರು, ಅದು ಬರಲಿಲ್ಲ. ಕೂಗಿದರು, ಸಿಳ್ಳೆ ಹಾಕಿದರು, ಹಿಂದಿನ ಸಾಲಿನವರು ಎದ್ದು ಹೋದರು. ಮೈಯಲ್ಲಿ ಜ್ವರ ಇಟ್ಟುಕೊಂಡೇ ಹಾಡಿದ್ದ ಧನರಾಜ ನೇರ ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಸಿದ್ದರಾಮಣ್ಣನ ಕಂಬಳಿ ತಲೆತನಕ ಎಳೆದುಕೊಂಡ. ಅಂದು ಅವನು ಗೆಳೆಯರ ಕೋಣೆಗೆ ಹೋಗಲಿಲ್ಲ.

ಹಿಂದೆ ಹತ್ತಿದವರಿಗೆ ಕಂಬಳಿಯ ಒಳಗೆ ಯಾರಿದ್ದಾರೆಂದು ಗೊತ್ತಿಲ್ಲ. ನಿಲಂಗಾ ದಾಟುವಷ್ಟರಲ್ಲಿ ಮಾತು ಶುರುವಾಯಿತು. ಗುರುಶಾಂತ ಸಿಟ್ಟಿನಲ್ಲಿದ್ದ. ಇವರಿಗೆ ತಲೆ ತಿರುಗಿದೆ, ಗಡಿಯಾರ ಇಟ್ಟುಕೊಂಡು ಹಾಡುತ್ತಾರೆ, ಇನ್ನು ಬರುವುದಿಲ್ಲ ಎಂದ. ಸಿದ್ದರಾಮಣ್ಣ ಒಮ್ಮೆ ಕೆಮ್ಮಿದರು. ಗುರುಶಾಂತ ಇನ್ನೂ ಜೋರಾದ. ಸಿದ್ದರಾಮಣ್ಣ ಕೈ ಚಾಚಿ ಕಂಬಳಿ ಸರಿಸಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಸ್ಟೇರಿಂಗ್ ಬಿಟ್ಟು ಕೈ ಏಳಲಿಲ್ಲ. ಹೇಳಬೇಕೋ ಬಿಡಬೇಕೋ ಎಂಬುದರಲ್ಲಿ ಅರ್ಧ ದಾರಿ ಹೋಯಿತು.

ಆಮೇಲೆ ಮಾತಾಡಿದ್ದು ಭುವನೇಶ್ವರಿ. ಇವತ್ತು ತನಗೂ ಸೇರಲಿಲ್ಲ, ಡ್ರಮ್ಮಿನಲ್ಲಿ ಶಬ್ದವೇ ಕೇಳಲಿಲ್ಲ ಎಂದಳು. ಆದರೆ ದವಾಖಾನೆಯ ಒಂದು ಸಂಗತಿ ಹೇಳಿದಳು. ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ಕುರಿಗಾರ ಮುದುಕ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ, ಊಟ ಸರಿಸುತ್ತಿದ್ದ. ಆಕೆ ಒಂದು ಮಧ್ಯಾಹ್ನ ಇಯರ್‌ಫೋನಿನ ಒಂದು ತುದಿ ಅವನ ಕಿವಿಗಿಟ್ಟಳು. ಹಾಡು ಮುಗಿದ ಮೇಲೆ ಮುದುಕ, ಈ ಹುಡುಗ ಯಾರ ಮನೆಯವನು, ಅವನ ಹಿಂಡಿನಲ್ಲಿ ಎಷ್ಟು ಕುರಿ ಎಂದು ಕೇಳಿದನಂತೆ. ಹಿಂಡು ಇಲ್ಲ ಎಂದರೆ ನಂಬಲಿಲ್ಲವಂತೆ. ಅಂದು ಸಂಜೆ ರೊಟ್ಟಿ ಮುರಿದು ತಿಂದ.

"ಅಂವಾ ಮೈದಾನಕ್ಕ ಬರೂದಿಲ್ಲ, ಗುರುಶಾಂತಣ್ಣ" ಎಂದಳು ಭುವನೇಶ್ವರಿ. "ಅವಂಗ ಮೂರು ನಿಮಿಷ ಸಾಕಾತು. ನಿನಗ ಹತ್ತು ಬೇಕು. ಇಬ್ರಿಗೂ ಹಾಡ್ಲಿ."

ಕಾಸಾರಶಿರಸಿಯಲ್ಲಿ ಎಲ್ಲರೂ ಇಳಿದರು. ಜೀಪು ಮತ್ತೆ ಹೊರಟ ಸ್ವಲ್ಪ ಹೊತ್ತಿಗೆ ಕಂಬಳಿ ಸರಿಯಿತು. ನಾನಿದ್ದೇನೆಂದು ಅವರಿಗೆ ಯಾಕೆ ಹೇಳಲಿಲ್ಲ ಎಂದು ಧನರಾಜ ಕೇಳಿದ. ಹೇಳಿದ್ದರೆ ಅವರು ಹೊಗಳುತ್ತಿದ್ದರು, ಅಷ್ಟೇ, ಎಂದರು ಸಿದ್ದರಾಮಣ್ಣ. ಧನರಾಜ ಉಮರ್ಗಾದಲ್ಲಿ ಇಳಿದು, ಬರುತ್ತೇನೆ ಎಂದೂ ಅನ್ನದೆ ಹೋದ.

ಆಮೇಲೆ ಹುಡುಗರಿಂದ ಫೋನು ಬರಲಿಲ್ಲ. ಉದಗೀರದ ಕಾರ್ಯಕ್ರಮ ಹತ್ತಿರ ಬರುತ್ತಿತ್ತು. ಬೇರೆ ಗಾಡಿ ನೋಡುತ್ತಿದ್ದಾರೆ ಎಂದು ಸ್ಟ್ಯಾಂಡಿನಲ್ಲಿ ಯಾರೋ ಅಂದರು. ಧನರಾಜ ಹಾಡುವುದನ್ನೇ ಬಿಡುತ್ತಾನಂತೆ ಎಂದು ಇನ್ಯಾರೋ. ಸಿದ್ದರಾಮಣ್ಣ ಪೆನ್‌ಡ್ರೈವು ತೆಗೆದು ಡಬ್ಬಿಯಲ್ಲಿಟ್ಟರು. ಮನೆಯಲ್ಲಿ ಉಣ್ಣುವಾಗ, ಮಂದಿಯ ಮಾತು ಕೇಳಿಸಿ ಆ ಹುಡುಗನ ಮನಸು ಮುರಿದೆನೇನೋ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡರು. ಮಲಕಮ್ಮ ಹೆಚ್ಚು ಮಾತಿನವಳಲ್ಲ. "ನೀ ಒಂದೂ ಮಾತಾಡಿಲ್ಲ, ಮತ್ತ ಯಾಕ ಮರಗ್ತಿ? ಆಡಿದಾಕಿ ಖರೇನೇ ಆಡ್ಯಾಳ" ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಉದಗೀರದ ಕಾರ್ಯಕ್ರಮದ ದಿನ ಬೆಳಿಗ್ಗೆ ಸಿದ್ದರಾಮಣ್ಣ ನಿಲಂಗಾದ ಸೀಟಿಗೆ ಕೂಗುತ್ತಿದ್ದಾಗ ಕೈಗಾಡಿಯ ಮೇಲೆ ಡ್ರಮ್ಮು ಹೇರಿಕೊಂಡು ಮೂವರೂ ಬಂದರು. ಧನರಾಜ ತಾನೇ ಜೀಪಿನ ನೆತ್ತಿಯ ಮೇಲೆ ಹತ್ತಿ ಕೌದಿ ಬಿಡಿಸಿದ. ಡಬ್ಬಿಯಿಂದ ಪೆನ್‌ಡ್ರೈವು ಹೊರಗೆ ಬಂತು.

ಆ ಸಂಜೆ ಉದಗೀರದಲ್ಲಿ ಕುರಿ ಹಾಡು ಬೇರೆ ಥರ ಶುರುವಾಯಿತು. ಶುಭಂ ಕೋಲು ಕೆಳಗಿಟ್ಟು ಕೈಕಟ್ಟಿ ಕೂತ. ನೀಲೇಶ ಒಂದೇ ತಂತಿ ಮೀಟುತ್ತಿದ್ದ. ಧನರಾಜ ಮಾತಾಡಿದಷ್ಟೇ ಮೆಲ್ಲಗೆ ಇಡೀ ಹಾಡನ್ನು ಒಮ್ಮೆ ಹೇಳಿ ಮುಗಿಸಿದ. ಕಂಪೌಂಡಿನ ಹೊರಗಿದ್ದ ಜೀಪಿಗೂ ಒಂದೊಂದು ಶಬ್ದ ಬಿಡಿಸಿ ಕೇಳಿಸಿತು. ಆಮೇಲೆ ಡ್ರಮ್ಮು ಬಂತು, ಜನದ ದನಿ ಬಂತು, ಹಾಡು ಎಲ್ಲಿಯವರೆಗೆ ಹೋಯಿತೆಂದು ಯಾರೂ ನೋಡಲಿಲ್ಲ. ಮರಳಿ ಹೋಗುವಾಗ ಭುವನೇಶ್ವರಿ ಕಿಟಕಿಗೆ ತಲೆಯಾನಿಸಿ ನಗುತ್ತ ಕೂತಿದ್ದಳು. ಗುರುಶಾಂತನ ಗಂಟಲು ಒಡೆದು ಹೋಗಿತ್ತು. ಆದರೂ, ಇವತ್ತು ಕುರಿ ಸ್ವಲ್ಪ ಹೆಚ್ಚೇ ಹೊತ್ತು ದಾಟಿದವು ಎಂಬ ತಕರಾರು ತೆಗೆಯದೆ ಬಿಡಲಿಲ್ಲ.

ಈಗ ಭಾಲ್ಕಿ. 'ನಾಕಾ' ಕರ್ನಾಟಕದ ನೆಲದಲ್ಲಿ ಹಾಡುತ್ತಿರುವುದು ಇದೇ ಮೊದಲು. ಭುವನೇಶ್ವರಿ ತವರಿನವರನ್ನೆಲ್ಲ ಕರೆದಿದ್ದಾಳೆ. ಅರ್ಧ ಮರಾಠಿಯ ಹಾಡನ್ನು ಆ ಜನ ಹೇಗೆ ತೆಗೆದುಕೊಳ್ಳುತ್ತಾರೋ ಎಂದು ಧನರಾಜನಿಗೆ ಅಳುಕು. ಒಲೆ ಹೊತ್ತಿದಾಗಿನಿಂದ ಎರಡು ಸಲ ಚಹಾ ಕುಡಿದಿದ್ದಾನೆ. ಸಿದ್ದರಾಮಣ್ಣನಿಗೆ ಅಂಥ ಚಿಂತೆ ಕಾಣುವುದಿಲ್ಲ. ಮೇಥಿಯ ಬುಟ್ಟಿ ಮೇಲೇರಿದೆ, ಗಿಟಾರು ಒಳಗೆ ಮಾಣಿಕಬಾಯಿಯ ಪಕ್ಕದ ಸೀಟಿನಲ್ಲಿ ನಿಂತಿದೆ. ಆಕೆ ಬೀಳದಂತೆ ಅದಕ್ಕೆ ಕೈ ಕೊಟ್ಟಿದ್ದಾಳೆ.

ನಿಮಗೆ ಯಾವುದು ಹೆಚ್ಚು ಸೇರುತ್ತದೆ, ಆಲ್ಬಮ್ಮೋ ಮೈದಾನದ ಹಾಡೋ ಎಂದು ಹೊರಡುವ ಮುಂಚೆ ಕೇಳಿದರೆ, ಸಿದ್ದರಾಮಣ್ಣ ಕನ್ನಡಿ ಸರಿಮಾಡಿಕೊಳ್ಳುತ್ತ ಸ್ವಲ್ಪ ಯೋಚಿಸುತ್ತಾರೆ.

"ಎರಡೂ ಛಲೋನೇ ಅದಾವ್ರೀ. ಆದ್ರ ನಂಗ ಭಾಳ ಸೇರೂದು ಮೂರನೇದು. ಹಾಡು ಮುಗದ ಮ್ಯಾಲ ಇವ್ರು ಹಿಂದ ಕೂತು ಮನಿತನಕ ಜಗಳಾಡ್ತಾರಲ್ಲ, ಅದು. ಅದಕ್ಕ ಟಿಕೇಟು ಎಲ್ಲೂ ಸಿಗೂದಿಲ್ಲ, ನನ್ನ ಸೀಟಿನಾಗ ಕೂತಾಂವಗ ಒಬ್ಬಂಗಷ್ಟ ಕೇಳಸ್ತದ."