ರಾಚ ಕೂಡಿಸಿದ ಮಾತು

ವಾರವೆಲ್ಲ ರಾಚ ಕೋಸು ಹೊರುತ್ತಾನೆ, ಭಾನುವಾರ ದೇವರ ಮಾತು ಹೊರುತ್ತಾನೆ. ಎರಡರಲ್ಲಿ ಯಾವುದಪ್ಪ ಭಾರ ಎಂದು ಯಾರಾದರೂ ಕೇಳಲಿ ಎಂದು ಅವನು ಬಹಳ ದಿನ ಕಾದಿದ್ದ. ಉತ್ತರ ಸಿದ್ಧವಿತ್ತು. ಹೇಳುವಾಗ ಕಣ್ಣು ಅರ್ಧ ಮುಚ್ಚಬೇಕೆಂಬುದೂ ಸಿದ್ಧವಿತ್ತು. ಕೇಳುವವರೇ ಸಿಕ್ಕಿರಲಿಲ್ಲ.

ಗಡಿಯ ಊರು ತಾಳವಾಡಿಯ ಅಂಚಿನಲ್ಲಿ, ಅರಿಸಿನದ ಹೊಲವೊಂದಕ್ಕೆ ಬೆನ್ನು ಕೊಟ್ಟು ನಿಂತ ಶೀಟಿನ ಮನೆಯೇ ಅವರ ಸಭೆ. ಗಂಡಸರಿಗೊಂದು ಚಾಪೆ, ಹೆಂಗಸರಿಗೊಂದು ಚಾಪೆ, ಬಾಗಿಲಾಚೆ ಚಪ್ಪಲಿಗಳು. ಪಾಸ್ಟರ್ ಮುರುಗೇಶ ಸತ್ಯಮಂಗಲದಿಂದ ಬೆಳಗಿನ ಬಸ್ಸು ಹತ್ತಿ ಬರುತ್ತಾರೆ. ದೀಕ್ಷಾಸ್ನಾನವಾದರೂ ಅಪ್ಪ ಇಟ್ಟ ಹೆಸರು ಬಿಡದ ಮನುಷ್ಯ. ಹಾಸನೂರಿನ ಬಳಿ ಆನೆ ರಸ್ತೆಗೆ ಬಂದು ನಿಂತ ದಿನ ದೇವರ ವಾಕ್ಯವೂ ತಡವಾಗುತ್ತದೆ. ಅವರಿಗೆ ಬರುವುದು ತಮಿಳು ಒಂದೇ. ಗುಡ್ಡದ ಊರುಗಳಿಂದ ನಡೆದು ಬರುವ ಮುದುಕಿಯರಿಗೆ ಬರುವುದು ಕನ್ನಡ ಒಂದೇ. ಹಾಗಾಗಿ ಪಾಸ್ಟರು ತಮಿಳಿನಲ್ಲಿ ಒಂದು ವಾಕ್ಯ ಹೇಳಿ ನಿಲ್ಲುವುದು, ಪಕ್ಕದವನು ಅದನ್ನು ಕನ್ನಡಕ್ಕೆ ತಿರುಗಿಸುವುದು. ಆ ಪಕ್ಕದವನೇ ರಾಚ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಆಮೇಲೆ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ದಾರ ಕತ್ತರಿಸುತ್ತ ತಮಿಳು ಕಲಿತವನು. ಅಲ್ಲಿಂದ ಊರಿಗೆ ಬರುವಾಗ ಅವನು ತಂದದ್ದು ತಮಿಳನ್ನು ಮತ್ತು ಯೇಸುಸ್ವಾಮಿಯನ್ನು. ಯಾವುದರಿಂದ ತನಗೆ ಹೆಚ್ಚು ಮರ್ಯಾದೆ ಸಿಕ್ಕಿತೆಂದು ಅವನು ಯೋಚಿಸಲು ಹೋಗಲಿಲ್ಲ.

ಪಾಸ್ಟರು ಮಾತು ನಿಲ್ಲಿಸಿದಾಗ ಸಭೆಯ ಕಣ್ಣೆಲ್ಲ ರಾಚನ ಬಾಯಿಗೆ ತಿರುಗುತ್ತದೆ. ಆ ಗಳಿಗೆಯ ರುಚಿ ಹತ್ತಿದವನಿಗೆ ಬಿಡುವುದು ಕಷ್ಟ. ಮನೆಯಲ್ಲಿ 'ಅಳ್ಳಿ', 'ಒಲ' ಎನ್ನುವವನು ಅಲ್ಲಿ ನಿಂತರೆ ಹಕಾರವನ್ನು ಎದೆಯಾಳದಿಂದ ಎತ್ತಿ ಹಾಕುತ್ತಿದ್ದ. ಪಾಸ್ಟರು ಒಂದು ಸಾಲು ಹೇಳಿದರೆ ಇವನದು ಎರಡು ಸಾಲು. "ದೇವರು ಒಳ್ಳೆಯವರು" ಎಂದು ಅವರು ತಮಿಳಿನಲ್ಲಿ ಅಂದರೆ, ಇವನು ಕನ್ನಡದಲ್ಲಿ, "ದೇವರು ಒಳ್ಳೆಯವರು. ನಾವು ಕೆಟ್ಟವರು. ಅದರಲ್ಲೂ ಕೆಲವರು!" ಎಂದು ಹೇಳಿ ಯಾವುದಾದರೊಂದು ಮೂಲೆಯ ಕಡೆ ನೋಡುತ್ತಿದ್ದ. ಆ ಮೂಲೆಯವರು ತಲೆ ತಗ್ಗಿಸುತ್ತಿದ್ದರು. ಸುವಾರ್ತೆಗೆ ಎಷ್ಟು ಶಕ್ತಿ ಎಂದು ರಾಚ ಒಳಗೇ ಬೀಗುತ್ತಿದ್ದ.

ಇದಕ್ಕಿಂತ ದೊಡ್ಡದು ಅವನ ಸಾಕ್ಷಿ. ಆರಾಧನೆ ಮುಗಿಯುವ ಮುಂಚೆ ಯಾರಾದರೂ ಎದ್ದು, ದೇವರು ತಮ್ಮನ್ನು ಹೇಗೆ ಬದಲಾಯಿಸಿದರೆಂದು ಹೇಳುವುದು ಸಭೆಯ ವಾಡಿಕೆ. ಬೇರೆಯವರು ಎಮ್ಮೆಗೆ ವಾಸಿಯಾದದ್ದು, ಮಗಳಿಗೆ ಗಂಡು ಸಿಕ್ಕಿದ್ದು ಹೇಳಿ ಕೂತರೆ, ರಾಚ ಎದ್ದು ತನ್ನ ಪಾಪದ ಕತೆ ಹೇಳುತ್ತಿದ್ದ. "ಪಾಪಿಗಳಲ್ಲೆಲ್ಲ ದೊಡ್ಡ ಪಾಪಿ ನಾನು. ಗೆಳೆಯನೊಬ್ಬ ನನ್ನನ್ನು ಕುಡಿತದ ಗುಂಡಿಗೆ ತಳ್ಳಿದ. ಅವನಿನ್ನೂ ಅಲ್ಲೇ ಇದ್ದಾನೆ, ನನ್ನನ್ನು ದೇವರು ಎತ್ತಿದರು." ಹೇಳಿ ಹೇಳಿ ಆ ಗುಂಡಿ ಆಳವಾಗುತ್ತ ಹೋಯಿತು. ಗುಂಡಿ ಆಳವಾದಷ್ಟೂ ಎದ್ದು ಬಂದವನು ಎತ್ತರ ಕಾಣುತ್ತಾನಲ್ಲ.

ಗೆಳೆಯನ ಹೆಸರನ್ನು ಅವನು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೋಸು, ಬೀಟ್‌ರೂಟ್ ತುಂಬಿಕೊಂಡು ಘಾಟಿ ಇಳಿದು ಮಾರ್ಕೆಟ್ಟಿಗೆ ಹೋಗುವ ಪಿಕಪ್ ಗಾಡಿಯ ಚಂದ್ರು ಅವನು ಎಂದು ಎಲ್ಲರಿಗೂ ಗೊತ್ತು. ಚಂದ್ರುವಿನ ಹೆಂಡತಿ ನಾಗಮಣಿ ಸಭೆಗೆ ತಪ್ಪದೆ ಬರುತ್ತಿದ್ದಳು. ರಾಚ ಗುಂಡಿಯ ಕತೆ ಹೇಳುವಾಗಲೆಲ್ಲ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂರುತ್ತಿದ್ದಳು. ಅವಳ ಮನಸ್ಸಿಗೆ ಮುಟ್ಟುತ್ತಿದೆ ಎಂದು ರಾಚ ತಿಳಿದಿದ್ದ.

ಒಂದು ಶನಿವಾರ ನಾಗಮಣಿ ಅವನು ಕೋಸು ಕೊಯ್ಯುತ್ತಿದ್ದ ಹೊಲದ ಬದುವಿಗೇ ಬಂದಳು.

"ಅಣ್ಣ, ನಾಳ ಅವ್ರೂ ಬತ್ತರಂತ."

"ಯಾರು? ಚಂದ್ರುನಾ?"

"ಊಂ. ಕುಡ್ಯದು ಬುಟ್ಟವ್ರ ಈಗ. ಕೈ ನಡುಗ್ತದ, ನಿದ್ದ ಬರಲ್ಲ, ಆದ್ರೂ ಬುಟ್ಟವ್ರ. ಇಂದ್ಗಡ ಬಾಗ್ಲ ತಾವ್ ಕುಂತ್ಕತೀನಿ, ಯಾರೂ ನನ್ ಮಾತಾಡುಸ್ಬಾರ್ದು ಅಂದವ್ರ. ನೀವೂ ಏನೂ ಅನ್ಬ್ಯಾಡಿ ಅಣ್ಣ. ಇದೂ ಆಗ್ನಿಲ್ಲ ಅಂದ್ರ ನಂಗ ಇನ್ನ ತಡ್ಯಕ್ಕಾಗಲ್ಲ. ಜೀರಳ್ಳಿಗ, ನಮ್ಮವ್ವನ ಮನ್ಗ ಒಂಟೋಯ್ತೀನಿ."

"ನಾನ್ಯಾಕವ್ವ ಅನ್ನಾನ? ದೇವ್ರು ಮಾತಾಡ್ತರ" ಎಂದ ರಾಚ. ಆ ಮಾತು ಅವನಿಗೇ ಬಹಳ ಹಿಡಿಸಿತು.

ಭಾನುವಾರ ಚಂದ್ರು ನಿಜವಾಗಿಯೂ ಬಂದ. ಒಗೆದ ಅಂಗಿ, ಬಾಚಿದ ತಲೆ, ನೆರೆಮನೆಯವರ ಮದುವೆಗೆ ಕರೆಯದೆ ಬಂದವನ ಮುಖ. ಬಾಗಿಲ ಬಳಿ ಕೂತ. ಅಂದಿನ ಪ್ರಸಂಗ ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಇಬ್ಬರ ಬಗ್ಗೆ. ಒಬ್ಬ ಮುಂದೆ ನಿಂತು, ತಾನು ಬೇರೆಯವರಂತಲ್ಲ ಎಂದು ದೇವರಿಗೇ ತಿಳಿಸಿದವನು. ಇನ್ನೊಬ್ಬ ದೂರದಲ್ಲಿ ನಿಂತು, ತಲೆಯೆತ್ತಲೂ ಆಗದೆ, ಕರುಣಿಸು ಎಂದವನು. ಪಾಸ್ಟರು ಮೆಲ್ಲಗೆ, ಮಗುವಿಗೆ ಅನ್ನ ತಿನ್ನಿಸುವ ಹಾಗೆ ತಮಿಳಿನಲ್ಲಿ ಅಂದರು: ದೂರ ನಿಂತವನಿಗೇ ದೇವರು ಹತ್ತಿರವಿದ್ದರು.

ಅಷ್ಟೇ. ಅಷ್ಟನ್ನೇ ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ ಕಣ್ಣೆಲ್ಲ ರಾಚನ ಬಾಯಿಗೆ ತಿರುಗಿತ್ತು.

"ದೂರ ನಿಂತವನಿಗೆ ದೇವರು ಹತ್ತಿರವಿದ್ದಾರೆ. ಕುಡಿದು ಹೆಂಡತಿಯ ಕಣ್ಣಲ್ಲಿ ನೀರು ತರಿಸಿದವನಿಗೂ ಹತ್ತಿರವಿದ್ದಾರೆ. ಇವತ್ತು ಈ ಬಾಗಿಲ ಬಳಿ ಕುಳಿತ ಪಾಪಿಯನ್ನೂ ಅವರು ನೋಡುತ್ತಿದ್ದಾರೆ!" ಎಂದ ರಾಚ, ಕೈಯನ್ನೂ ಚಾಚಿದ.

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಕನ್ನಡ ಬಾರದ ಪಾಸ್ಟರು, ಸಭೆಯಲ್ಲಿ ಪವಿತ್ರಾತ್ಮನ ಅಲುಗಾಟ ಶುರುವಾಯಿತೆಂದು ಸಂತೋಷಪಟ್ಟು "ಅಲ್ಲೇಲೂಯಾ" ಅಂದರು. ಚಂದ್ರು ಎದ್ದ. ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ನಾಗಮಣಿ ಮಾತ್ರ ತಿರುಗಿ ನೋಡಲಿಲ್ಲ.

ಸತ್ಯ ತಡೆಯಲಾರದವರು ಹೀಗೆಯೇ ಎದ್ದುಹೋಗುತ್ತಾರೆ ಎಂದುಕೊಂಡು ರಾಚ ಮುಂದಿನ ವಾಕ್ಯಕ್ಕೆ ಕಿವಿಗೊಟ್ಟ.

ಬುಧವಾರ ಕೋಸು ತುಂಬಲು ಬೇರೆ ಯಾರದೋ ಗಾಡಿ ಬಂತು. ಹೊಲದ ಯಜಮಾನ ಪುಟ್ಟಬಸಪ್ಪ ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದರೂ ಲೆಕ್ಕಿಸದೆ ರೇಗುತ್ತಿದ್ದ. "ಆ ಚಂದ್ರು ಮತ್ತ ಬ್ರಾಂದಿ ಅಂಗ್ಡಿ ತಾವೇ ಬಿದ್ದವ್ನ. ಬುಟ್ಟಿದ್ನಂತಲ್ಲ, ಮತ್ತ ಏನಾಯ್ತಂತ್ಲಾ ಅವ್ನಿಗ? ನಿಮ್ಮ ಜಪದ್ ಮನ್ಗೂ ಬಂದಿದ್ನಂತ?"

"ಬಂದಿದ್ದ ಯಜಮಾನ್ರೇ" ಎಂದ ರಾಚ. "ದೇವ್ರ ಮಾತ್ಗ ಮನ್ಸು ಕಲ್ಲು ಮಾಡ್ಕಬುಟ್ಟ."

ಮಧ್ಯಾಹ್ನ ಊಟದ ಹೊತ್ತಿಗೆ ಅವನು ಕೋಸಿನ ರಾಶಿಗೆ ಒರಗಿ ಫೋನಿನಲ್ಲಿ ಸತ್ಯವೇದ ತೆರೆದ. ಚಂದ್ರುವಿಗೆ ಹೋಗಿ ಹೇಳಲು ಒಂದು ಚುರುಕಾದ ವಾಕ್ಯ ಬೇಕಾಗಿತ್ತು. ಹಳೆಯ ಜಾಗವೇ ತೆರೆದುಕೊಂಡಿತು, ಆ ಇಬ್ಬರು ಪ್ರಾರ್ಥಿಸಿದ ಜಾಗ. ತಿರುಗಿಸಿ ಹೇಳಬೇಕಾದ ಅವಸರವಿಲ್ಲ, ನೋಡುವವರಿಲ್ಲ. ಬಹಳ ದಿನಗಳ ಮೇಲೆ ಅವನು ತನಗಾಗಿ ಓದಿದ. ಮುಂದೆ ನಿಂತವನು ದೂರದವನ ಕಡೆ ತೋರಿಸಿ, ನಾನು ಅವನಂತಲ್ಲ ಎನ್ನುವಲ್ಲಿ ಅವನ ಬೆರಳು ನಿಂತಿತು.

ಕೈ ತೋರಿಸಿದವನು ಮುಂದೆ ನಿಂತವನು. ಭಾನುವಾರ ಕೈ ತೋರಿಸಿದವನು ತಾನು.

ಇಷ್ಟು ದಿನ ದೂರ ನಿಂತವನ ಪ್ರಾರ್ಥನೆ ತನ್ನದು ಎಂದುಕೊಂಡಿದ್ದ. ದೊಡ್ಡ ಪಾಪಿ ನಾನು ಎಂಬ ಮಾತನ್ನು ಮುಂದೆ ನಿಂತು, ಎದೆಯುಬ್ಬಿಸಿ, ಹಕಾರ ಒತ್ತಿ ಹೇಳುತ್ತಿದ್ದ. ಅಯ್ಯೋ, ಇದನ್ನು ಕಾಣದೆ ಎಷ್ಟು ಜನ ಸಭೆಗಳಲ್ಲಿ ಕೂತಿದ್ದಾರೋ, ನನಗಾದರೂ ದೇವರು ಕಾಣಿಸಿದರು ಎಂದುಕೊಂಡ. ಅಂದುಕೊಂಡ ಮರುಗಳಿಗೆಯೇ ಬೆವರಿದ. ಅದೂ ಮುಂದೆ ನಿಂತವನ ಪ್ರಾರ್ಥನೆಯೇ. ಮೂಟೆಗೆ ಹಾಕುವ ಮುಂಚೆ ಕೋಸಿನ ಹುಳ ತಿಂದ ಹೊರ ಎಲೆ ಕಿತ್ತುಹಾಕುತ್ತಾರೆ, ಒಳಗೆ ಒಳ್ಳೆಯದು ಸಿಗುತ್ತದೆ. ತನ್ನೊಳಗೆ ಎಷ್ಟು ಕಿತ್ತರೂ ಹುಳ ತಿಂದ ಎಲೆಯೇ ಕೈಗೆ ಬಂತು.

ಸಂಜೆ ಗಾಡಿ ನಿಲ್ಲುವ ಜಾಗಕ್ಕೆ ಹೋದ. ಚಂದ್ರು ತನ್ನ ಪಿಕಪ್ಪಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಕುಡಿದಿದ್ದ, ಆದರೆ ಮಾತು ತೊದಲುತ್ತಿರಲಿಲ್ಲ.

"ತಪ್ಪಾಯ್ತು ಕಣ್ಲಾ, ಚಂದ್ರು."

"ಯಾವ್ದು?"

"ಬಾನ್ವಾರದ್ದು."

"ಅಯ್ನೋರು ಏಳಿದ್ನೇ ಅಲ್ವ ನೀ ಏಳಿದ್ದು? ತಪ್ಪು ಎಲ್ಲಿ ಬಂತು?"

ಚಂದ್ರು ನಕ್ಕ.

"ನಂಗ ತಮಿಳು ಬರಲ್ಲ ಅನ್ಕಂಡಿದ್ದಾ? ಕೆಳ್ಗಡ ಮಾರ್ಕೆಟ್ಟಲ್ಲಿ ನಿಮ್ಮಪ್ಪ ಬಂದು ಕನ್ನಡದಲ್ಲಿ ಲೋಡ್ ಇಳುಸ್ತನಾ? ಅಯ್ನೋರು ಏಳಿದ್ದು ನಾ ಕೇಳುಸ್ಕಂಡಿ ಕಣ್ಲಾ. ದೂರ ನಿಂತವ್ನ ತಾವೇ ದೇವ್ರು ಇದ್ರು ಅಂದ್ರು. ಕಣ್ಣಲ್ಲಿ ನೀರ್ ಬಂದ್ಬುಡ್ತು ನಂಗ. ಆಮ್ಯಾಕ ನೀ ಬಾಯ್ ಬುಟ್ಟ."

ಸಭೆಯಲ್ಲಿ ಅರ್ಧ ಜನಕ್ಕೆ ತಮಿಳು ಬರುತ್ತದೆಂಬುದು ರಾಚನಿಗೆ ಗೊತ್ತಿರದ ಸಂಗತಿಯಲ್ಲ. ಆದರೆ ತಾನು ನಿಂತಿರುವಾಗ ಅವರು ತನ್ನ ಬಾಯಿಂದಲೇ ಕೇಳುತ್ತಾರೆಂದು ಅದು ಹೇಗೋ ನಂಬಿಬಿಟ್ಟಿದ್ದ. ಇಷ್ಟು ದಿನ ಅವನು ಕೂಡಿಸಿದ್ದೆಲ್ಲ ಅವರಿಗೆ ತಿಳಿಯುತ್ತಲೇ ಇತ್ತು.

"ಇನ್ನ ನಿನ್ ಗುಂಡಿ ಕತೆ," ಎಂದ ಚಂದ್ರು. "ಒಂದ್ ಬಿಯರ್ ಕುಡ್ದು ಇದೇ ಗಾಡೀಲಿ ಕಕ್ಕಂಡು, ನಮ್ಮವ್ವನ್ಗ ಏಳ್ಬ್ಯಾಡ ಅಂತ ನನ್ ಕಾಲ್ ಇಡ್ಕಂಡು ಅತ್ತೋನು ನೀನು. ಗಾಡಿ ತೊಳ್ದೋನು ನಾನು. ನೀ ಯಾವಾಗ್ಲಾ ದೊಡ್ ಪಾಪಿ ಆದದ್ದು? ನಿನ್ ಮಕಕ್ಕ!"

ರಾಚನಿಗೆ ನಗು ಬಂತು. ಚಂದ್ರುವೂ ನಕ್ಕ. ಒಂದು ಕ್ಷಣ ಇಬ್ಬರೂ ಹಳೆಯ ಗೆಳೆಯರಾದರು. ಆ ಧೈರ್ಯದಲ್ಲಿ ರಾಚ ಅವನ ಮೊಣಕಾಲು ಮುಟ್ಟಿದ. "ಕ್ಷಮ್ಸುಬುಡ್ಲಾ. ನನ್ ಅಹಂಕಾರ ಈಗ ಕಾಣ್ತು."

ಚಂದ್ರುವಿನ ನಗು ನಿಂತಿತು. "ಇದ್ನೂ ಬರೋ ಬಾನ್ವಾರ ಎದ್ದು ನಿಂತ್ಕಂಡು ಏಳ್ತೀಯ ಅಲ್ವ?"

ಇಲ್ಲ ಎನ್ನಲು ರಾಚ ಬಾಯಿ ತೆರೆದ. ಆದರೆ ಹೊಲದಿಂದ ಬರುವ ದಾರಿಯಲ್ಲೇ ಆ ಸಾಕ್ಷಿ ಪೂರ್ತಿ ಸಿದ್ಧವಾಗಿತ್ತು: ಕೋಸಿನ ರಾಶಿ, ತೆರೆದ ವೇದ, ಗೆಳೆಯನ ಕಾಲು ಹಿಡಿದದ್ದು, ದನಿ ಎಲ್ಲಿ ಒಡೆಯಬೇಕೆಂಬುದು ಸಹಿತ.

ಚಂದ್ರು ಅವನ ಮುಖವನ್ನೇ ನೋಡುತ್ತಿದ್ದ. ಬೈಯಲಿಲ್ಲ. ಮೊಣಕಾಲ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. "ನಾಗಮಣಿ ಇವತ್ತು ಬೆಳಿಗ್ಗ ಜೀರಳ್ಳಿಗ ಒಂಟೋದ್ಲು. ಅದ್ನೂ ಸೇರುಸ್ಕ. ಈಗ ಓಗು."

ಭಾನುವಾರ ಪಾಸ್ಟರು ತಡವಿಲ್ಲದೆ ಬಂದರು. ಸಾಕ್ಷಿ ಹೇಳುವ ಹೊತ್ತಿಗೆ ಎಲ್ಲರೂ ರಾಚನ ಕಡೆ ನೋಡಿದರು. ಅವನು ಸಾಕ್ಷಿಗೆ ನಿಲ್ಲಲಿಲ್ಲ. ಗಂಡಸರ ಚಾಪೆಯ ಕೊನೆಗೆ ಹೋಗಿ ತಲೆ ತಗ್ಗಿಸಿ ಕೂತ. ಬಾಯಿ ತೆರೆಯಬಾರದು, ಅಷ್ಟಾದರೂ ತನ್ನಿಂದ ಆಗಲಿ ಎಂದು ಹಲ್ಲು ಕಚ್ಚಿದ್ದ. ಹೆಂಗಸರ ಕಡೆಯಿಂದ ಮುದುಕಿ ಚಿಕ್ಕಲಕ್ಷ್ಮಮ್ಮನ ದನಿ, ಪಿಸುಮಾತೆಂದು ಅವಳು ಭಾವಿಸಿದ್ದರೂ ಎಲ್ಲರಿಗೂ ಕೇಳುವಂತೆ ಬಂತು.

"ನೋಡ್ರವ್ವ ಆ ಕೂಸ. ಎಂಗ ತಗ್ಗುಸ್ಕಂಡು ಕುಂತದ. ಎಂಥ ಬಕ್ತಿ!"

ಹೊಟ್ಟೆಯೊಳಗೆ ಸಿಹಿಯಾದದ್ದೇನೋ ಅಲುಗಿತು. ರಾಚ ಅದನ್ನು ಕಂಡ. ಈಗ ಅವನಿಗೆ ಅದು ಪ್ರತಿ ಸಲವೂ ಕಾಣುತ್ತಿತ್ತು. ವಾಕ್ಯ ಅವನಿಗೆ ಕಣ್ಣು ಕೊಟ್ಟಿತ್ತು, ಕಂಡದ್ದನ್ನು ಕೀಳುವ ಕೈ ಕೊಟ್ಟಿರಲಿಲ್ಲ. ಇದನ್ನು ತೆಗೆದುಬಿಡು ಸ್ವಾಮಿ ಎಂದು ಬೇಡಿಕೊಂಡ. ಬೇಡುವ ತನ್ನನ್ನು ಪಕ್ಕದಲ್ಲೇ ನಿಂತು ಮೆಚ್ಚುತ್ತಿರುವ ಇನ್ನೊಬ್ಬ ರಾಚನನ್ನೂ ಕಂಡ. ಆಮೇಲೆ ಬೇಡುವುದನ್ನೂ ಬಿಟ್ಟ.

ಪಾಸ್ಟರು ಹೆಂಗಸರ ಚಾಪೆಯನ್ನೊಮ್ಮೆ ನೋಡಿ ತಮಿಳಿನಲ್ಲಿ ಏನೋ ಕೇಳಿದರು. ಆಮೇಲೆ ಅವನ ಕಡೆ ಕೈ ಮಾಡಿ, "ಸೊಲ್ಲು ತಂಬಿ", ಹೇಳಪ್ಪ, ಅಂದರು.

ರಾಚ ಎದ್ದು ನಿಂತ. "ನಾಗಮಣಿ ಬಂದಿಲ್ಲ. ಯಾಕೆ ಅಂತ ಯಾರಿಗಾದರೂ ಗೊತ್ತಾ ಎಂದು ಪಾಸ್ಟರು ಕೇಳುತ್ತಿದ್ದಾರೆ."

ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಸ್ಟರು ಕಾದರು. ರಾಚನೂ ಅವರ ಪಕ್ಕದಲ್ಲಿ ಕೈ ಕಟ್ಟಿಕೊಂಡು, ಯಾರಾದರೂ ಹೇಳಲಿ ಎನ್ನುವವನಂತೆ ಕಾಯುತ್ತ ನಿಂತ.